ಐದೇ ದಿನದ ‘ಕರೆಂಟ್’: ಇಂಗ್ಲೆಂಡಿನಲ್ಲಿ ರೇಡಿಯೇಷನ್ ಹೇಗೆ ನಡೆಯುತ್ತದೆ

“ಐದೇ ದಿನವಾ? ದುಡ್ಡು ಉಳಿಸೋಕೆ ಅರ್ಧಕ್ಕೇ ಬಿಡ್ತಿದಾರಾ, ಸರಿಯಾಗಿ ಕೇಳಿ.” ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್‌ನ ಆಪರೇಷನ್ ಆಗಿ ರೇಡಿಯೇಷನ್ ನಿಗದಿಯಾದ ದಿನ ಮೈಸೂರಿಂದ ಅತ್ತೆ ಫೋನಿನಲ್ಲಿ ಹೇಳಿದ ಮಾತಿದು. ಅವರ ನಾದಿನಿಗೆ ಹಿಂದೆ ಐದು ವಾರ ಕರೆಂಟ್ ಕೊಟ್ಟಿದ್ದರು. ನಮ್ಮ ಕಡೆ ಕರೆಂಟ್ ಅನ್ನುತ್ತೇವೆಯೇ ಹೊರತು ಶಾಕ್ ಏನೂ ಹೊಡೆಯುವುದಿಲ್ಲ. ಲಿನಾಕ್ ಎಂಬ ಯಂತ್ರದಿಂದ ಬರುವ ಭಾರೀ ಶಕ್ತಿಯ ಎಕ್ಸ್‌ರೇ ಅದು.

ಅತ್ತೆಯ ಅನುಮಾನಕ್ಕೆ ಉತ್ತರ ಇದೆ. ಇಲ್ಲಿ ಮೊದಲು 15 ಸಲಕ್ಕೆ ಒಟ್ಟು 40 ಗ್ರೇ (ಗ್ರೇ ಅಂದರೆ ಕಿರಣದ ಡೋಸ್ ಅಳೆಯುವ ಮಾನ) ಕೊಡುತ್ತಿದ್ದರು. ಫಾಸ್ಟ್-ಫಾರ್ವರ್ಡ್ ಎಂಬ ಅಧ್ಯಯನದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಐದು ವರ್ಷ ಗಮನಿಸಿ, 5 ಸಲಕ್ಕೆ 26 ಗ್ರೇ ಕೊಟ್ಟರೂ ಕ್ಯಾನ್ಸರ್ ತಡೆಯುವುದರಲ್ಲಿ ಕಡಿಮೆಯಿಲ್ಲ ಎಂದು 2020ರಲ್ಲಿ ತೋರಿಸಿದರು. ದಿನಗಳು ಕಡಿಮೆ, ಒಂದೊಂದು ದಿನದ ಡೋಸ್ ಜಾಸ್ತಿ. ಎಲ್ಲರಿಗೂ ಐದೇ ಅಲ್ಲ. ಪ್ರಾಸ್ಟೇಟ್‌ಗೆ ಸಾಮಾನ್ಯವಾಗಿ 20 ಸಲ, ಗಂಟಲಿಗೆ ಆರು ವಾರದ ಮೇಲೂ ಹೋಗಬಹುದು. ಒಂದೊಂದು ಸಲಕ್ಕೆ ಫ್ರಾಕ್ಷನ್ ಅನ್ನುತ್ತಾರೆ. “ನನಗೆ ಎಷ್ಟು ಫ್ರಾಕ್ಷನ್, ಯಾಕೆ?” ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಬೇಸರ ಮಾಡಿಕೊಳ್ಳುವುದಿಲ್ಲ.

ಊರಿನ ಹಾಗೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ ಡಾಕ್ಟರನ್ನು ನೋಡುವಂತಿಲ್ಲ, ಮೊದಲು ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್. ಅನುಮಾನದ ಮೇಲೆ ಅವರು ತುರ್ತಾಗಿ ಕಳಿಸಿದರೆ 28 ದಿನದೊಳಗೆ ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಸಬೇಕು, ಚಿಕಿತ್ಸೆ ಗೊತ್ತಾದ 31 ದಿನದಲ್ಲಿ ಅದು ಶುರುವಾಗಬೇಕು. ಇವೆಲ್ಲ ಗುರಿಗಳು, ಎಲ್ಲ ಕಡೆಯೂ ಮುಟ್ಟುವುದಿಲ್ಲ. ನಮಗೊಂದು ಪತ್ರ ಹಳೇ ವಿಳಾಸಕ್ಕೆ ಹೋಗಿ ಒಂದು ವಾರ ಹಾಳಾಯಿತು. ನಿಮ್ಮ ಹೆಸರಿಗೆ ಗೊತ್ತು ಮಾಡಿದ ಕ್ಯಾನ್ಸರ್ ನರ್ಸ್ ಒಬ್ಬರಿರುತ್ತಾರೆ, ಅವರ ನಂಬರಿಗೇ ಫೋನ್ ಮಾಡಿ.

ಮೊದಲ ದಿನ ಚಿಕಿತ್ಸೆ ಇಲ್ಲ, ಪ್ಲಾನಿಂಗ್ ಸಿಟಿ ಸ್ಕ್ಯಾನ್. ಕೈ ಎರಡೂ ತಲೆಯ ಮೇಲಿಟ್ಟು ಮಲಗಿಸಿ, ಎದೆಯ ಮೇಲೆ ಗುಂಡುಸೂಜಿಯ ತಲೆಯಷ್ಟು ಚುಕ್ಕೆ ಹಚ್ಚೆ ಹಾಕಿದರು. ನಮ್ಮ ಅಜ್ಜಿಯಂದಿರ ಮುಂಗೈ ಹಚ್ಚೆಯ ಹಾಗೆ ಇದೂ ಅಳಿಸುವುದಿಲ್ಲ. ಎಡಭಾಗವಾದರೆ ಉಸಿರು ಎಳೆದು ಹಿಡಿಯುವುದನ್ನು ಕಲಿಸುತ್ತಾರೆ, ಹೃದಯ ಕಿರಣದಿಂದ ದೂರ ಸರಿಯಲಿ ಅಂತ. ನನ್ನವಳು ಪ್ರಾಣಾಯಾಮ ಕೈಹಿಡಿಯಿತು ಅಂದಳು, ನಾನು ವಾದಿಸಲಿಲ್ಲ. ಮಾಂಗಲ್ಯ ಸರ ತೆಗೆಯಲು ಹೇಳುತ್ತಾರೆ. ಮನೆಯಲ್ಲೇ ಬಿಚ್ಚಿಟ್ಟು ಹೋಗಿ, ಆ ಕೋಣೆಯಲ್ಲಿ ಬಿಚ್ಚುವುದು ಕಷ್ಟ.

ಚಿಕಿತ್ಸೆಯ ದಿನ ಸಮಯವೆಲ್ಲ ಹೋಗುವುದು ಮಲಗಿಸಿ ಹೊಂದಿಸುವುದಕ್ಕೆ. ಕಿರಣ ಬೀಳುವುದು ಕೆಲವೇ ನಿಮಿಷ. ಸಿಬ್ಬಂದಿ ಹೊರಗೆ ಹೋಗಿ ಕ್ಯಾಮೆರಾದಲ್ಲಿ ನೋಡುತ್ತಾರೆ, ಮಾತಾಡಿದರೆ ಕೇಳಿಸುತ್ತದೆ. ನೋವಿಲ್ಲ. ಮೈಯಲ್ಲಿ ರೇಡಿಯೇಷನ್ ಉಳಿಯುವುದೂ ಇಲ್ಲ, ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳಬಹುದು.

ಚಿಕಿತ್ಸೆ ಮುಗಿದ ಮೇಲೆ ಒಂದೆರಡು ವಾರಕ್ಕೆ ಸುಸ್ತು ಮತ್ತು ಚರ್ಮದ ಉರಿ ಹೆಚ್ಚಾಗುತ್ತವೆ. “ಆಯ್ತಲ್ಲ, ಇನ್ನೇನು” ಎಂದು ಆ ಹೊತ್ತಿಗೆ ನೆಂಟರನ್ನು ಕರೆಯಬೇಡಿ. ಕೈಪಿಡಿಗಳಲ್ಲಿ ‘ಚರ್ಮ ಕೆಂಪಾಗುತ್ತದೆ’ ಎಂದಿರುತ್ತದೆ. ನಮ್ಮ ಬಣ್ಣಕ್ಕೆ ಅದು ಕಪ್ಪಾಗಿ ಕಾಣುತ್ತದೆ, ಕೆಂಪಿಲ್ಲವೆಂದು ಸುಮ್ಮನಿರದೆ ತೋರಿಸಿ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚುವ ಮುಂಚೆ ಕೇಳಿ.

ದುಡ್ಡಿನ ವಿಷಯ. ವೀಸಾಕ್ಕೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದ್ದರೆ ಚಿಕಿತ್ಸೆಗೆ ಬಿಲ್ ಬರುವುದಿಲ್ಲ. ಎಫ್‌ಪಿ92ಎ ಫಾರ್ಮ್ ಜಿಪಿ ಹತ್ತಿರ ಕೇಳಿ ತುಂಬಿಸಿ, ಐದು ವರ್ಷ ಮಾತ್ರೆಗಳೂ ಉಚಿತ. ಕ್ಯಾನ್ಸರ್ ಎಂದು ತಿಳಿದ ದಿನದಿಂದಲೇ ಸಮಾನತೆ ಕಾಯ್ದೆ, 2010ರ ಪ್ರಕಾರ ಕೆಲಸದಲ್ಲಿ ನಿಮಗೆ ರಕ್ಷಣೆ ಇದೆ. ಸುಸ್ತಾದಾಗ ಸಮಯ ಬದಲಿಸಿ ಎಂದು ಮ್ಯಾನೇಜರನ್ನು ಕೇಳುವುದು ನಿಮ್ಮ ಹಕ್ಕು.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನ ಲೆಕ್ಕವೇ ಬೇರೆ. ಜಿಪಿ ನೋಡುವುದು ಉಚಿತ, ಆಸ್ಪತ್ರೆಯ ಕ್ಯಾನ್ಸರ್ ಚಿಕಿತ್ಸೆಗೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದರದ ಒಂದೂವರೆ ಪಟ್ಟು ಬಿಲ್. ಅದು 500 ಪೌಂಡ್ ದಾಟಿ ಬಾಕಿ ಉಳಿದರೆ ಮುಂದಿನ ವೀಸಾಕ್ಕೂ ಅಡ್ಡ ಬರಬಹುದು. ಹಾಗಾಗಿ ಅವರು ಗಂಟೋ ಗಡ್ಡೆಯೋ ಇದೆ ಅನ್ನುತ್ತಿದ್ದರೆ ವಿಮಾನ ಹತ್ತುವ ಮುಂಚೆ ಬೆಂಗಳೂರಿನಲ್ಲೇ ತೋರಿಸಿಬಿಡಲಿ. ಅತ್ತೆ ನಮ್ಮಲ್ಲಿಗೆ ಹೊರಡುವಾಗ ನಾನು ಕೇಳಿದ ಮೊದಲ ಪ್ರಶ್ನೆಯೂ ಅದೇ.