ಪತಂಗವಾಗಲು ಬಿಡದ ಔಷಧಿ: ನನ್ನ ಅನುಭವ

ಮದ್ದೂರಿನ ಹತ್ತಿರ ನನ್ನದೊಂದು ಬಿತ್ತನೆ ಭತ್ತದ ಗೋದಾಮಿದೆ. ಭತ್ತ ಹಾಳುಮಾಡುವ ಪತಂಗ ಅಷ್ಟಾಗಿ ಹಾರದ ಬೇಸಿಗೆಯೊಂದನ್ನು ನೋಡಲು ನಾಲ್ಕು ವರ್ಷ ಹಿಡಿಯಿತು. "ಕೊಲ್ಲದ ಔಷಧಿಗೆ ದುಡ್ಡು ಸುರಿಯುತ್ತೀಯಲ್ಲ" ಎಂದು ನಗುತ್ತಿದ್ದ ಭಾವನವರದೇ 30 ಮೂಟೆ ತನು ತಳಿಯ ಭತ್ತ ಈ ಸಲ ನನ್ನಲ್ಲಿದೆ.

ಮೊದಲ ವರ್ಷದ್ದು ಶುದ್ಧ ದಡ್ಡತನ. ಗೋಡೆಗೆ ಸುಣ್ಣ ಬಳಿಸಿ ಅದರ ಮೇಲೆಯೇ ಮೆಲಾಥಿಯಾನ್ ಎಂಬ ಕೀಟನಾಶಕ ಹೊಡೆಸಿದೆ. ಸುಣ್ಣದ ಕ್ಷಾರಕ್ಕೆ ಅದು ಎಷ್ಟು ದಿನ ನಿಂತೀತು? ಸಾಲದ್ದಕ್ಕೆ ಗಿರಣಿಯಿಂದ ಅಗ್ಗದ ಹಳೆಯ ಗೋಣಿಚೀಲ ತಂದೆ. ಹೊಲಿಗೆಯ ಸಂದಿನಲ್ಲಿ ಹುಳುಗಳು ಗೂಡು ಕಟ್ಟಿಕೊಂಡೇ ಬಂದಿದ್ದವು. ಚೀಲಕ್ಕೆ ಐದಾರು ರೂಪಾಯಿ ಉಳಿಯಿತು, ವಾಪಸು ಬಂದ ಬೀಜದಲ್ಲಿ 40 ಸಾವಿರದ ಹತ್ತಿರ ಹೋಯಿತು. ಮೊಳಕೆ ಶೇ. 80ಕ್ಕಿಂತ ಇಳಿದರೆ ಅದು ಬಿತ್ತನೆ ಭತ್ತವಲ್ಲ, ಗಿರಣಿ ಭತ್ತ.

ಮರುವರ್ಷ ಹಾರ್ಮೋನ್ ಔಷಧಿ ಹಿಡಿದೆ, ಪೈರಿಪ್ರಾಕ್ಸಿಫೆನ್. ಹುಳುವನ್ನು ಮರಿಯಾಗಿಯೇ ಇಡುವ ಅದರದೇ ಹಾರ್ಮೋನಿನ ನಕಲು ಇದು, ಮರಿ ಪತಂಗವಾಗಲು ಬಿಡದು. ಹೊಡೆದ ಮೇಲೂ ಪತಂಗಗಳು ಹಾರುತ್ತಲೇ ಇದ್ದವು. ಬೆಳೆದವಕ್ಕೆ ಇದರಿಂದ ಸಾವಿಲ್ಲ, ಸರಿ. ಆದರೆ ನಾನು ಹೊಡೆಸಿದ್ದೇ ಮೂಟೆ ತುಂಬಿದ ಮೇಲೆ. ಭತ್ತದ ಪತಂಗ ಗದ್ದೆಯಿಂದಲೇ ಬಂದಿರುತ್ತದೆ. ಅದರ ಮರಿ ಕಾಳಿನೊಳಗೆ ಕೊರೆದು ಕುಳಿತರೆ ಹೊರಗೆ ಏನು ಬಳಿದರೂ ತಾಗದು.

ಮೂರನೆಯ ವರ್ಷ ಎರಡು ಬಾಟಲಿ ನುಚ್ಚಿನಲ್ಲಿ ಕಾಳಿನ ಹೊರಗೇ ಬೆಳೆಯುವ ಇನ್ನೊಂದು ಜಾತಿಯ, ಅಕ್ಕಿ ಪತಂಗದ, ಮರಿಗಳನ್ನು ಬಿಟ್ಟೆ. ಔಷಧಿ ಇಲ್ಲದ ಬಾಟಲಿಯಲ್ಲಿ ಒಂದೂವರೆ ತಿಂಗಳಿಗೆ ಪತಂಗಗಳು ಬಾಯಿಗೆ ಕಟ್ಟಿದ ಬಟ್ಟೆಗೆ ಬಡಿಯುತ್ತಿದ್ದವು. ಇನ್ನೊಂದರಲ್ಲಿ ಮರಿಗಳು ಕೊಬ್ಬಿ, ನುಚ್ಚನ್ನೆಲ್ಲ ತಮ್ಮ ನೂಲಿನಲ್ಲಿ ಉಂಡೆ ಕಟ್ಟಿ, ಮರಿಗಳಾಗಿಯೇ ಸತ್ತವು. "ನಿನ್ನ ತಮ್ಮನ ಹಾಗೆ, ತಿನ್ನುತ್ತವೆ, ದೊಡ್ಡವಾಗುವುದಿಲ್ಲ" ಎಂದರು ಅಮ್ಮ. ಕೀಟಗಳ ಮೊಟ್ಟೆಯೊಳಗೆ ಬೆಳೆದು ಅವನ್ನು ನಾಶಮಾಡುವ ಸಣ್ಣ ಕಣಜವನ್ನು ಬಿಡಲು ಕಬ್ಬಿಗೆ ಕಟ್ಟುವ ಟ್ರೈಕೊ ಕಾರ್ಡಿನಲ್ಲಿರುವುದೂ ಇದೇ ಪತಂಗದ ಮೊಟ್ಟೆ. ಗೋದಾಮಿನಲ್ಲೂ ಒಂದು ಕಾರ್ಡು ತೂಗುಹಾಕಿ ನೋಡಿದೆ, ಇರುವೆಗಳಿಗೆ ಹಬ್ಬವಾಯಿತು.

ಈಗ ಖಾಲಿ ಗೋದಾಮಿನಲ್ಲೇ ಹಾರ್ಮೋನ್ ಹೊಡೆಸಲು ಶುರು: ನೆಲದ ಬಿರುಕು, ಮೂಲೆ, ಹಲಗೆಗಳ ಅಡಿ. ಭತ್ತ ಬಂದ ಮೇಲೆ ಪರವಾನಗಿ ಇರುವವರಿಂದ ತಾಡಪಾಲಿನಡಿ ಹೊಗೆ ಗುಳಿಗೆ ಹಾಕಿಸುತ್ತೇನೆ, ಅದರ ವಿಷಗಾಳಿ ಕಾಳಿನೊಳಗಿನ ಮರಿಗೂ ತಾಗುತ್ತದೆ. ಗಾಳಿಯಾಡಿದ ಬಳಿಕ ಮೂಟೆಗಳ ಹೊರಮೈಗೆ ಮತ್ತೊಮ್ಮೆ ಹಾರ್ಮೋನ್. ಎಷ್ಟು ನೀರಿಗೆ ಎಷ್ಟು, ಯಾವ ನಾಜಲ್ ಎಂದು ಮಾತ್ರ ಕೇಳಬೇಡಿ. ಊಟದ ಅಕ್ಕಿಯ ಹತ್ತಿರ ಇದನ್ನು ನಾನು ಸುಳಿಯಗೊಡುವುದಿಲ್ಲ.

ಮೊದಲು ಪತಂಗ ಹಿಡಿಯುವ ಬಲೆಗೆ ವಾರಕ್ಕೆ 60–70 ಬೀಳುತ್ತಿದ್ದವು, ಈ ಬೇಸಿಗೆ ನಾಲ್ಕೈದು. 200 ಕ್ವಿಂಟಲಿಗೆ ಗುಳಿಗೆಯೂ ಸೇರಿ ಖರ್ಚು ಆರು ಸಾವಿರದ ಆಸುಪಾಸು. ಸೊಂಡಿಲು ಹುಳಕ್ಕೆ ಮಾತ್ರ ಈ ಔಷಧಿ ಲೆಕ್ಕಕ್ಕೇ ಇಲ್ಲ. ಅದಕ್ಕೆಂದು ಮೊನ್ನೆ ಮತ್ತೆರಡು ಬಾಟಲಿ ಇಟ್ಟಿದ್ದೇನೆ.