ಮಿನಿ ಟ್ರಕ್ ಕಪ್ಪು ಹೊಗೆ ಉಗುಳುತ್ತಿದೆಯೇ? ಇಂಜೆಕ್ಟರ್ ಬಿಚ್ಚುವ ಮೊದಲು ಇಷ್ಟು ನೋಡಿ

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಗೆ ಚೀಲ ಹೊತ್ತು ಬರುವ ಹಳೆಯ ಪೆಟ್ರೋಲ್ ಮಿನಿ ಟ್ರಕ್ ಕಪ್ಪು ಹೊಗೆ ಬಿಡತೊಡಗಿತು, ಮೈಲೇಜ್ ಬಿತ್ತು ಎಂದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು ‘ಇಂಜೆಕ್ಟರ್ ಹೋಗಿದೆ’. ಬಹಳ ಸಲ ಅದು ಹೋಗಿರುವುದಿಲ್ಲ. ಇಂಜೆಕ್ಟರ್ ಎಂಜಿನ್‌ಗೆ ಹೇಳಿದಷ್ಟು ಪೆಟ್ರೋಲ್ ಸುರಿಯುವ ಆಳು ಮಾತ್ರ. ಲೆಕ್ಕ ಹಾಕುವುದು ಇಸಿಯು ಎಂಬ ಎಂಜಿನ್‌ನ ಕಂಪ್ಯೂಟರ್, ಅದು ನಂಬುವುದು ಸೆನ್ಸರ್‌ಗಳನ್ನು. ಸುಳ್ಳು ಹೇಳುತ್ತಿರುವ ಸೆನ್ಸರ್ ಯಾವುದೆಂದು ಹುಡುಕುವುದೇ ನಿಜವಾದ ರಿಪೇರಿ.

ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಪೆಟ್ರೋಲ್ ಅದಕ್ಕಿಂತ ಹೆಚ್ಚಾದರೆ ಎಂಜಿನ್ ‘ರಿಚ್’ ಆಗಿದೆ ಎನ್ನುತ್ತಾರೆ. ಮೊದಲು ಅದನ್ನು ಖಾತ್ರಿ ಮಾಡಿಕೊಳ್ಳಿ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಾಲಾಗಿ ಇಡಿ. ಒಣ ಕಪ್ಪು ಮಸಿ ಇದ್ದರೆ ರಿಚ್. ಜಿಡ್ಡಿದ್ದರೆ ಆಯಿಲ್ ಸುಡುತ್ತಿದೆ, ಅದು ಬೇರೆಯೇ ಕಾಯಿಲೆ. ಒಂದೇ ಪ್ಲಗ್ ಕಪ್ಪಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಸೋರುತ್ತಿರಬಹುದು ಅಥವಾ ಕಿಡಿ ಸರಿಯಾಗಿ ಬರುತ್ತಿಲ್ಲ. ಎಲ್ಲವೂ ಕಪ್ಪಾಗಿದ್ದರೆ ದೋಷ ಎಲ್ಲಕ್ಕೂ ಸಮಾನವಾದ ಕಡೆ ಇದೆ. ಹೊಗೆ ತಪಾಸಣೆಯ ಚೀಟಿಯಲ್ಲಿ ಸಿಒ (ಕಾರ್ಬನ್ ಮೊನಾಕ್ಸೈಡ್) ಎಷ್ಟಿದೆ ಎಂದೂ ನೋಡಿ. ಬಿಎಸ್-4 ಪೆಟ್ರೋಲ್ ವಾಹನಕ್ಕೆ ಮಿತಿ ಶೇ 0.3.

ಈಗ ನಮ್ಮ ಭಾಗದ ದೊಡ್ಡ ಅಪರಾಧಿಗೆ ಬರೋಣ: ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಕವಾಟ. ಬೇಸಿಗೆಯಲ್ಲಿ ಎಂಜಿನ್ ಹೀಟ್ ಆಯಿತೆಂದು ಅದನ್ನು ಕಿತ್ತೆಸೆಯುವ ರೂಢಿ ಹುಬ್ಬಳ್ಳಿಯಿಂದ ಗದಗದವರೆಗೂ ಇದೆ. ಕಾರ್ಬುರೇಟರ್ ಎಂಜಿನ್‌ನಲ್ಲಿ ಅದು ಹೇಗೋ ನಡೆದುಹೋಯಿತು. ಇಂಜೆಕ್ಷನ್ ಎಂಜಿನ್‌ನಲ್ಲಿ ಹಾಗಲ್ಲ. ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) 80 ಡಿಗ್ರಿಯ ಆಸುಪಾಸಿಗೆ ಏರದಿದ್ದರೆ ‘ಎಂಜಿನ್ ಇನ್ನೂ ತಣ್ಣಗಿದೆ’ ಎಂದು ತಿಳಿದು ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಚಳಿಗಾಲದ ಬೆಳಗ್ಗೆ ಹೆದ್ದಾರಿಯಲ್ಲಿ ಹಾವೇರಿಯ ಕಡೆ ಓಡುವ ಗಾಡಿ ದಾರಿಯುದ್ದಕ್ಕೂ ಚೋಕ್ ಎಳೆದುಕೊಂಡೇ ಹೋದಂತಾಗುತ್ತದೆ. ಪರೀಕ್ಷೆ ಸುಲಭ. ತಣ್ಣಗಿರುವ ಎಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡುತ್ತಿರಿ. ಕೆಲ ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ಸರಿಯಿದೆ. ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ಅದು ತೆರೆದು ಕುಳಿತಿದೆ, ಇಲ್ಲವೇ ಅಲ್ಲಿ ಇಲ್ಲವೇ ಇಲ್ಲ. ಹೊಸದನ್ನು ಹಾಕಿಸಿ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈಹಚ್ಚಬೇಡಿ.

ಥರ್ಮೋಸ್ಟಾಟ್ ಸರಿಯಿದ್ದೂ ಹೊಗೆ ನಿಲ್ಲದಿದ್ದರೆ ಕೂಲಂಟಿನ ಬಿಸಿ ಅಳೆಯುವ ಸೆನ್ಸರ್ ನೋಡಿ. ಮೀಟರಿನ ಮುಳ್ಳು ಸರಿಯಾಗಿದೆ ಎಂದು ಸಮಾಧಾನಪಡಬೇಡಿ. ಹಲವು ಗಾಡಿಗಳಲ್ಲಿ ಮುಳ್ಳಿಗೊಂದು, ಇಸಿಯುಗೊಂದು ಬೇರೆ ಬೇರೆ ಸೆನ್ಸರ್ ಇರುತ್ತವೆ. ಕನೆಕ್ಟರ್ ಬಿಚ್ಚಿ ಹಸಿರು ಕಿಲುಬು ಒರೆಸಿ, ಮಲ್ಟಿಮೀಟರ್ ಹಿಡಿಯಿರಿ. ಸಾಮಾನ್ಯವಾಗಿ ತಣ್ಣಗಿದ್ದಾಗ 2,000ದಿಂದ 3,000 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸಬೇಕು. ಬಿಸಿಯಾದ ಮೇಲೂ ಸಾವಿರದ ಮೇಲೇ ನಿಂತಿದ್ದರೆ ಸೆನ್ಸರ್ ಬದಲಿಸಿ.

ಮುಂದಿನದು ಎಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮತ್ತು ಅದರ ವ್ಯಾಕ್ಯೂಮ್ ಪೈಪು. ಬಿಸಿಲಿಗೆ ಸೀಳಿದ ಪೈಪಿನಿಂದ ಒತ್ತಡ ಹೆಚ್ಚಾಗಿ ಕಾಣುತ್ತದೆ, ಗಾಡಿ ಭಾರ ಎಳೆಯುತ್ತಿದೆ ಎಂದು ಇಸಿಯು ಮೋಸಹೋಗುತ್ತದೆ. ಸೆನ್ಸರ್‌ಗಳ ಅಂಕಿಯನ್ನು ಇಸಿಯುವಿನಿಂದ ಓದುವ ಸ್ಕ್ಯಾನರ್ ಇದ್ದರೆ ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿರುವುದರಿಂದ ಪುಸ್ತಕದಲ್ಲಿರುವ 101 ಅಲ್ಲ, ಸುಮಾರು 94 ಕಿಲೋಪಾಸ್ಕಲ್ ಬರಬೇಕು. ಬಿಸಿ ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) 30ರಿಂದ 40.

ಇಂಧನ ಒತ್ತಡದ ರೆಗ್ಯುಲೇಟರ್ ಎಂಜಿನ್ ಮೇಲೆಯೇ ಇರುವ ಮಾದರಿಯಾದರೆ ಅದರ ವ್ಯಾಕ್ಯೂಮ್ ಪೈಪನ್ನು ಎಳೆದು ಮೂಸಿ. ಪೆಟ್ರೋಲ್ ಒಸರುತ್ತಿದ್ದರೆ ಒಳಗಿನ ಪೊರೆ ಹರಿದಿದೆ. ಲೈನಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ. ಅದನ್ನು ಇಳಿಸಿ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದ ಮೇಲೆಯೇ ಸ್ಪ್ಯಾನರ್ ಹಾಕಿ. ಬೀಡಿಯ ವಿಷಯ ಹೇಳಬೇಕಾಗಿಲ್ಲ.

ಏರ್ ಫಿಲ್ಟರ್ ಮೇಲೆ ಎಲ್ಲರಿಗೂ ಅನುಮಾನ. ಎರೆಭೂಮಿಯ ಧೂಳಿಗೆ ಅದನ್ನು ಬದಲಿಸುತ್ತಲೇ ಇರಬೇಕು, ನಿಜ. ಆದರೆ ಗಾಳಿ ಕಡಿಮೆಯಾದರೆ ಇಸಿಯು ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಕಪ್ಪು ಹೊಗೆಗೆ ಫಿಲ್ಟರ್ ಒಂದೇ ಕಾರಣವಾಗುವುದು ಅಪರೂಪ.

ಎಕ್ಸಾಸ್ಟ್‌ನಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕೊನೆಯಲ್ಲಿ ಬರಲಿ, ಏಕೆಂದರೆ ದುಬಾರಿ. ಬಿಸಿ ಎಂಜಿನ್‌ನಲ್ಲಿ ಅದು 0.1ರಿಂದ 0.9 ವೋಲ್ಟ್ ನಡುವೆ ತೂಗಾಡುತ್ತಿರಬೇಕು. 0.8ರ ಮೇಲೆ ನಿಂತಿದ್ದರೆ ಅದು ರಿಚ್ ಎಂದು ನಿಜವನ್ನೇ ಹೇಳುತ್ತಿದೆ, ಅದನ್ನು ಬದಲಿಸಿ ಪ್ರಯೋಜನವಿಲ್ಲ. ಕಪ್ಪು ಹೊಗೆ ಬರುತ್ತಿದ್ದರೂ 0.1ರಲ್ಲೇ ನಿಂತಿದ್ದರೆ ಸೆನ್ಸರ್ ಸತ್ತಿದೆ, ಅಥವಾ ಅದರ ಮುಂಚೆ ಎಕ್ಸಾಸ್ಟ್ ಪೈಪ್ ಸೀಳಿ ಹೊರಗಾಳಿ ಸೇರುತ್ತಿದೆ.

ದೋಷ ಸಿಕ್ಕ ಮೇಲೆ ಡಿಪ್‌ಸ್ಟಿಕ್ ಮೂಸಿ. ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಆಯಿಲ್ ತೆಳುವಾಗಿದೆ, ಫಿಲ್ಟರ್ ಸಮೇತ ಬದಲಿಸಿ. ಪ್ಲಗ್ ಸ್ವಚ್ಛಗೊಳಿಸಿ, ಇಸಿಯುವಿನಲ್ಲಿರುವ ಹಳೆಯ ದೋಷದ ಕೋಡ್ ಅಳಿಸಿ, ಧಾರವಾಡದವರೆಗೆ ಒಂದು ಸುತ್ತು ಹೋಗಿಬಂದು ಪ್ಲಗ್ ಮತ್ತೆ ಬಿಚ್ಚಿ ನೋಡಿ. ತುದಿ ತಿಳಿಕಂದು ಬಣ್ಣಕ್ಕೆ ತಿರುಗಿದ್ದರೆ ಹೊಗೆ ತಪಾಸಣೆಗೆ ಗಾಡಿ ಒಯ್ಯಬಹುದು.