ಹನ್ನೊಂದು ಸಾವಿರ ಮೈಲಿ ಓಡಿದ ಸ್ಲೆಡ್ಡು, ಅದರ ಹಳೇ ಕ್ಲಚ್ಚು: ನನ್ನ ಅನುಭವ

ಡಿಸೆಂಬರ್‌ನಲ್ಲಿ ನನ್ನ ಸ್ನೋಮೊಬೈಲಿಗೆ (ಹಿಮದ ಮೇಲೆ ಓಡೋ ಗಾಡಿ, ಇಲ್ಲಿ ಸ್ಲೆಡ್ ಅಂತಾರೆ) ಹಾಕಿದ ಬೆಲ್ಟು ಮಾರ್ಚ್ ಮುಗಿದರೂ ಅದೇ ಇದೆ. ಸುಮಾರು 1,700 ಮೈಲಿ ಆಯ್ತು. ಇಂಜಿನ್ ಕಡೆಯ ಪುಲ್ಲಿ ಪ್ರೈಮರಿ ಕ್ಲಚ್, ಟ್ರ್ಯಾಕ್ (ಗಾಡಿ ತಳ್ಳೋ ರಬ್ಬರ್ ಪಟ್ಟಿ) ಕಡೆಯದು ಸೆಕೆಂಡರಿ ಕ್ಲಚ್, ಎರಡರ ನಡುವೆ ಓಡೋದು ಈ ಬೆಲ್ಟು. ಅದರ ಹಿಂದಿನ ಚಳಿಗಾಲದಲ್ಲಿ ಇದೇ ಗಾಡಿ ಎರಡು ಬೆಲ್ಟ್ ತಿಂದಿತ್ತು, ಒಂದಂತೂ 60 ಮೈಲಿಯೂ ಬಾಳಲಿಲ್ಲ. "ಎರಡೂ ಕ್ಲಚ್ ಹೊಸದು ಹಾಕು, ಇಲ್ಲ ಗಾಡೀನೇ ಗುಜರಿಗೆ ಕೊಡು" ಅಂದವರೇ ಈಗ ನನ್ನ ಗ್ಯಾರೇಜಿಗೆ ಬಂದು ಬೆಲ್ಟ್ ಗಾರ್ಡ್ ಎತ್ತಿ ನೋಡ್ಕೊಂಡು ಹೋಗ್ತಿದ್ದಾರೆ. ಅದಕ್ಕೇ ಬರೆಯೋ ಹುಮ್ಮಸ್ಸು ಬಂದಿದೆ.

ನಾನಿರೋದು ಮಿಷಿಗನ್ನಿನ ಉತ್ತರ ತುದಿಯ ಕೀವಿನಾ ಪರ್ಯಾಯ ದ್ವೀಪದಲ್ಲಿ, ಹೋಟನ್ ಊರಿನ ಹತ್ತಿರ. 1978-79ರ ಚಳಿಗಾಲದಲ್ಲಿ ಇಲ್ಲಿ 390 ಇಂಚು ಹಿಮ ಬಿದ್ದಿತ್ತು. ಯುಎಸ್-41 ರಸ್ತೆ ಪಕ್ಕ ಅದರ ಅಳತೆಗೆ ಅಂತಲೇ ಒಂದು ಎತ್ತರದ ಕಂಬ ನಿಲ್ಲಿಸಿದ್ದಾರೆ. ಇಲ್ಲಿ ಸ್ನೋಮೊಬೈಲ್ ಅಂದ್ರೆ ನಮ್ಮ ಕಡೆ ಬೈಕ್ ಇದ್ದ ಹಾಗೆ, ಮನೆಗೊಂದು. ನನ್ನದು ಫ್ಯಾನ್ ಕೂಲಿಂಗಿನ ಎರಡು ಸಿಲಿಂಡರ್ ಟೂ ಸ್ಟ್ರೋಕ್, ಸೆಕೆಂಡ್ ಹ್ಯಾಂಡ್. 1,800 ಡಾಲರಿಗೆ ತಗೊಂಡಾಗ ಮೀಟರ್ 9,500 ಮೈಲಿ ಇತ್ತು. ಕಂಪನಿ ಹೆಸರು ಬೇಡ, ತಪ್ಪು ಅವರದಲ್ಲ, ವಯಸ್ಸಿನದು.

ಲಕ್ಷಣ ಹೇಳಿಬಿಡ್ತೀನಿ. ಇಂಜಿನ್ ಮಾಮೂಲಿಗಿಂತ ಜಾಸ್ತಿ ಆರ್‌ಪಿಎಂಗೆ ಏರಿ ಕಿರುಚೋದು, ಗಾಡಿ ಮಾತ್ರ ಗಂಟೆಗೆ 60 ಮೈಲಿ ದಾಟಲ್ಲ. ಸರಿಯಾಗಿದ್ದಾಗ ಅದಕ್ಕಿಂತ ಕಮ್ಮಿ ಸುತ್ತಿನಲ್ಲೇ 75 ಕೊಡೋದು. ಹೊರಡೋವಾಗ ಯಾರೋ ಹಿಂದಿನಿಂದ ಒದ್ದ ಹಾಗೆ ಜರ್ಕ್. ಇದಕ್ಕಿಂತ ಕೆಟ್ಟದ್ದು ಒಂದು ದಿನ ರಸ್ತೆ ದಾಟೋ ಜಾಗದಲ್ಲಾಯ್ತು. ಥ್ರಾಟಲ್ ಬಿಟ್ಟೆ, ಪ್ರೈಮರಿ ಬಿಚ್ಚಿಕೊಂಡು ಬೆಲ್ಟ್ ಬಿಡಲೇ ಇಲ್ಲ, ಗಾಡಿ ಮುಂದಕ್ಕೆ ತಳ್ತಾನೇ ಇತ್ತು. ಬ್ರೇಕ್ ಹಿಡೀತು, ಬದುಕಿದೆ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ, ಹೊಸ ಬೆಲ್ಟ್. 95 ಡಾಲರ್ ಹೋಯ್ತು. ಆರ್‌ಪಿಎಂ ಜಾಸ್ತಿ ಅಂತ ಪ್ರೈಮರಿಯೊಳಗೆ ಭಾರದ ವೇಯ್ಟ್ (ತಿರುಗುವಾಗ ಪುಲ್ಲಿಯನ್ನು ಒತ್ತಿ ಮುಚ್ಚೋ ತೂಕ) ಹಾಕಿಸಿದೆ, ಇನ್ನೊಂದು 60. ಮೀಟರಿನಲ್ಲಿ ಆರ್‌ಪಿಎಂ ಇಳಿದು 'ಸರಿಹೋಯ್ತು' ಅನ್ನಿಸ್ತು. ಆದ್ರೆ ಹೊರಡೋವಾಗ ಇಂಜಿನ್ ಉಸಿರು ಕಟ್ಟಿದ ಹಾಗೆ ಮುಗ್ಗರಿಸೋಕೆ ಶುರುವಾಯ್ತು. ಜ್ವರಕ್ಕೆ ಥರ್ಮಾಮೀಟರ್ ಒಡೆದ ಹಾಗಾಯ್ತು ನನ್ನ ರಿಪೇರಿ. ವೇಯ್ಟ್ ವಾಪಸ್ ಹಳೇದೇ ಹಾಕಿದೆ.

ಆಮೇಲಿನ ತಪ್ಪು ಪೂರ್ತಿ ನನ್ನದೇ, ಹೇಳ್ಕೊಳ್ಳೋಕೆ ನಾಚಿಕೆಯಾಗುತ್ತೆ. ನಾನು ಕೆಲಸ ಕಲಿತದ್ದು ದಾವಣಗೆರೆಯಲ್ಲಿ, ಮಾವನ ಗ್ಯಾರೇಜಲ್ಲಿ, ಕೈನೆಟಿಕ್ ಹೋಂಡಾ ಬಿಚ್ಚಿ ಬಿಚ್ಚಿ. ಅದರಲ್ಲೂ ಇದೇ ಸಂಸಾರ: ಮುಂದೆ ಅಗಲ ಆಗೋ ಪುಲ್ಲಿ, ಹಿಂದೆ ಸ್ಪ್ರಿಂಗ್ ಹಿಡಿದ ಪುಲ್ಲಿ, ನಡುವೆ ರಬ್ಬರ್ ಬೆಲ್ಟ್. ಸ್ಕೂಟರಿನ ಹಿಂದಿನ ಪುಲ್ಲಿಯ ಪಿನ್ನುಗಳಿಗೆ ಗ್ರೀಸ್ ಹಾಕ್ತೀವಲ್ಲ, ಆ ಕೈಚಳಕ ಇಲ್ಲೂ ತೋರಿಸಿದೆ. ಸೆಕೆಂಡರಿಯ ಹೆಲಿಕ್ಸಿಗೆ (ಪುಲ್ಲಿ ತಿರುಗುತ್ತ ಜಾರೋ ಓರೆ ದಾರಿ), ಬುಷ್ಷಿಗೆ ಚೆನ್ನಾಗಿ ಗ್ರೀಸ್ ಬಳಿದೆ. ಸ್ಕೂಟರಿನಲ್ಲಿ ಅದನ್ನು ಹಿಡಿದಿಡೋಕೆ ಓ-ರಿಂಗ್, ಸೀಲ್ ಇರುತ್ತೆ. ಇಲ್ಲಿ ಎಲ್ಲಾ ಬಯಲು! ಎರಡನೇ ಮೈಲಿಗೇ ಗ್ರೀಸ್ ಚಿಮ್ಮಿ ಪುಲ್ಲಿಯ ಮುಖಕ್ಕೆಲ್ಲ ಹರಡಿತು. ಹೊಸ ಬೆಲ್ಟ್ ಹೊಳೆಯೋ ಹಾವಿನ ಹಾಗೆ ಜಾರಿ, ಸುಟ್ಟು, ನೂಲು ನೂಲಾಗಿ ಪ್ರೈಮರಿಗೆ ಸುತ್ತಿಕೊಂಡಿತ್ತು. ಆ ನೂಲು ಬಿಡಿಸೋಕೆ ಮೈನಸ್ 18 ಡಿಗ್ರಿಯಲ್ಲಿ ಕೈಗವಸು ಬಿಚ್ಚಿ ಮುಕ್ಕಾಲು ಗಂಟೆ ಕೂತಿದ್ದೆ. 60 ಮೈಲಿಯ ಬೆಲ್ಟ್ ಅಂದೆನಲ್ಲ, ಅದು ಇದೇ. ಇಲ್ಲಿಯ ಕ್ಲಚ್ ಒಣಗಿರಬೇಕು, ಪ್ರೈಮರಿಗೂ ಅಷ್ಟೇ, ಒಂದು ಹನಿ ಎಣ್ಣೆ ಕೂಡದು.

ರಿಪೇರಿ ಅಂಗಡಿಯವರು ಎರಡೂ ಕ್ಲಚ್ಚಿಗೆ ಕೂಲಿ ಸೇರಿ 1,400 ಚಿಲ್ಲರೆ ಹೇಳಿದರು. ಪಕ್ಕದ ಮನೆಯ ಫಿನ್ನಿಶ್ ಮೂಲದ ಅಜ್ಜ, ಐವತ್ತು ಚಳಿಗಾಲ ಸ್ಲೆಡ್ ಓಡಿಸಿದ ಮನುಷ್ಯ, ತಲೆ ಅಲ್ಲಾಡಿಸಿ ಹೋದರು. ರಾತ್ರಿ ಮಾವನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಹಿಮ ನೋಡಿದ್ದು ಟಿವಿಯಲ್ಲಿ ಮಾತ್ರ. "ಲೇ, ಬೆಲ್ಟಿನ ಎರಡೂ ಅಂಚು ತೋರ್ಸು" ಅಂದರು. ತೋರಿಸಿದೆ. ಒಂದು ಅಂಚು ಸವೆದು ಹೊಳೀತಿತ್ತು, ಇನ್ನೊಂದು ಹೊಸದರ ಹಾಗೇ. "ಬೆಲ್ಟ್ ಸೊಟ್ಟ ಓಡ್ತೈತಿ. ಕ್ಲಚ್ ಬಿಡು, ಇಂಜಿನ್ ಕುಂತಿದ್ದು ನೋಡು." ಸುಮಾರು ಎಂಟು ಸಾವಿರ ಮೈಲಿ ದೂರದಿಂದ!

ನಾನು ಅಲೈನ್‌ಮೆಂಟ್ ಬಾರ್ (ಎರಡೂ ಪುಲ್ಲಿ ಒಂದೇ ಸಾಲಲ್ಲಿವೆಯಾ ನೋಡೋ ಸರಳು) ಹಾಕಿ ಮೊದಲೇ ನೋಡಿದ್ದೆ, ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಎಡವಿದ್ದೇ ಅಲ್ಲಿ. ನಿಂತ ಗಾಡಿಯಲ್ಲಿ ಸರಿ ಇರೋದು ಎಳೆಯೋವಾಗ ಸರಿ ಇರಬೇಕಂತಿಲ್ಲ. ಬೆಲ್ಟ್ ತೆಗೆದು, ಪ್ರೈಮರಿ ಹಿಂದೆ ಮರದ ತುಂಡು ಕೊಟ್ಟು ಉದ್ದ ಸರಳಿನಿಂದ ಮೀಟಿದೆ. ಇಂಜಿನ್ ಸೆಕೆಂಡರಿ ಕಡೆಗೆ ಕಾಲಿಂಚು ವಾಲಿ, ಬಿಟ್ಟಾಗ ಸ್ವಸ್ಥಾನಕ್ಕೆ ಬಂತು. ಕ್ಲಚ್ ಕಡೆಯ ಮುಂದಿನ ಮೌಂಟಿನ (ಇಂಜಿನ್ ಕೂತ ಆಸರೆಯ) ರಬ್ಬರ್ ಕೆಳಗಿಂದ ಹರಿದಿತ್ತು, ಮೇಲಿಂದ ನೋಡಿದರೆ ಏನೂ ಗೊತ್ತಾಗಲ್ಲ. ಇಂಜಿನ್ ವಾಲದ ಹಾಗೆ ತಡೆಯೋ ಟಾರ್ಕ್ ಸ್ಟಾಪಿನ ನಟ್ ಸಡಿಲ ಬೇರೆ. ಥ್ರಾಟಲ್ ಕೊಟ್ಟಾಗಲೆಲ್ಲ ಇಂಜಿನ್ ಓರೆಯಾಗೋದು, ಎರಡು ಪುಲ್ಲಿ ನಡುವಿನ ದೂರ ಕಮ್ಮಿಯಾಗೋದು, ಬೆಲ್ಟ್ ಸಡಿಲವಾಗಿ ಒಂದೇ ಅಂಚಲ್ಲಿ ಉಜ್ಜೋದು. ಎರಡು ಮೌಂಟ್, 90 ಡಾಲರ್.

ಅಷ್ಟಕ್ಕೇ ಮುಗಿದಿದ್ದರೆ ಇಷ್ಟು ಬರೀತಿರಲಿಲ್ಲ. ಮೌಂಟ್ ಹಾಕಿ, ಮೂರನೇ ಬೆಲ್ಟ್ ಹಾಕಿದೆ. ಎರಡೂ ಪುಲ್ಲಿಯ ಮುಖದ ಮೇಲೆ ಒಳಗಿಂದ ಅಂಚಿನವರೆಗೆ ಕಪ್ಪು ಮಾರ್ಕರಿನಲ್ಲಿ ಒಂದೊಂದು ಗೀಟು ಎಳೆದು ಬಿಲ್ ನಿಕೋಲ್ಸ್ ಟ್ರೇಲಿಗೆ ಹೋದೆ. ತಾಮ್ರದ ಗಣಿ ಕಾಲದ ರೈಲು ಹಳಿ ಕಿತ್ತು ಮಾಡಿದ ದಾರಿ ಅದು, ನೆಟ್ಟಗಿರೋದರಿಂದ ಪರೀಕ್ಷೆಗೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಒಂದು ಮೈಲಿ ಪೂರ್ತಿ ಥ್ರಾಟಲ್ ಕೊಟ್ಟು, ಇಂಜಿನ್ ಆರಿಸಿ, ಗಾರ್ಡ್ ಎತ್ತಿದೆ. ಬೆಲ್ಟ್ ಹತ್ತಿದಷ್ಟು ದೂರ ಗೀಟು ಅಳಿಸಿರಬೇಕು. ಪ್ರೈಮರಿಯ ಅಂಚಲ್ಲಿ ಇನ್ನೂ ಅರ್ಧ ಇಂಚು ಗೀಟು ಹಾಗೇ ಉಳಿದಿತ್ತು. ಅಂದ್ರೆ ಪುಲ್ಲಿ ಪೂರ್ತಿ ಮುಚ್ಚಿಕೊಳ್ತಿಲ್ಲ, ಒಳಗೆ ಏನೋ ಸಿಕ್ಕಿಹಾಕಿಕೊಂಡಿದೆ. ರಸ್ತೆ ದಾಟೋವಾಗ ಬಿಚ್ಚಿಕೊಳ್ಳದೇ ಇದ್ದದ್ದೂ ಇದಕ್ಕೇ.

ಪ್ರೈಮರಿ ಕಳಚಲು ಪುಲ್ಲರ್ (ಕ್ಲಚ್ ಕೀಳೋ ಉದ್ದ ಬೋಲ್ಟು) ತಿರುಪಿ ತಿರುಪಿ ಸೋತೆ, ಹ್ಯಾಂಡಲಿಗೆ ಪೈಪ್ ಹಾಕಿದರೂ ಕದಲಲಿಲ್ಲ. ಕೊನೆಗೆ ನೀರಿನ ಉಪಾಯ. ಗಾಡಿಯನ್ನು ಪಕ್ಕಕ್ಕೆ ವಾಲಿಸಿ, ಕ್ಲಚ್ಚಿನ ನಡುವಿನ ತೂತಿನೊಳಗೆ ನೀರು ತುಂಬಿ, ಪುಲ್ಲರಿನ ಥ್ರೆಡ್ಡಿಗೆ ಪ್ಲಂಬರ್ ಟೇಪ್ ಸುತ್ತಿ ತಿರುಗಿಸಿದರೆ ನೀರು ಕುಗ್ಗಲ್ಲವಲ್ಲ, ಕ್ಲಚ್ ಟಪ್ ಅಂತ ಈಚೆ ಬರುತ್ತೆ. ಬಂತು. ಚಳಿಯ ಗ್ಯಾರೇಜಲ್ಲಿ ತಡ ಮಾಡಿದರೆ ನೀರು ಒಳಗೇ ಗಡ್ಡೆ ಕಟ್ಟುತ್ತೆ, ಬಿಸಿನೀರು ಹಾಕಿ ಬೇಗ ಮುಗಿಸಿ. ವಾಪಸ್ ಕೂರಿಸೋ ಮುಂಚೆ ಟೇಪರ್ (ಕ್ಲಚ್ ಕೂರೋ ಮೊನಚು ತುದಿ) ಪೂರ್ತಿ ಒಣಗಿಸಿ ಅಸಿಟೋನಿನಲ್ಲಿ ಒರೆಸಬೇಕು ಅಂತ ನಿಮಗೆ ಹೇಳಬೇಕಿಲ್ಲ.

ಒಳಗೆ ಮೂರು ರೋಲರುಗಳಲ್ಲಿ ಎರಡು ಒಂದು ಕಡೆ ಚಪ್ಪಟೆ. ಉರುಳೋದೇ ಮರೆತು ಉಜ್ಜಿಕೊಂಡೇ ಬದುಕಿದ್ದವು. ಬಟನ್‌ಗಳು (ಪುಲ್ಲಿ ಜಾರೋಕೆ ಆಸರೆಯಾಗೋ ತುಂಡು) ಸವೆದು ಪುಲ್ಲಿ ಅಲ್ಲಾಡೋದು. ಸೆಕೆಂಡರಿಯ ಬುಷ್ ಕೂಡ ಹೋಗಿತ್ತು, ಪುಲ್ಲಿಯ ಅಂಚು ಹಿಡಿದು ಆಡಿಸಿದರೆ ಸಡಿಲ ಹಲ್ಲಿನ ಹಾಗೆ. ರೋಲರ್, ಪಿನ್ನು, ಬಟನ್ ಸೇರಿ 75, ಬುಷ್ 20, ಸೆಕೆಂಡರಿ ಸ್ಪ್ರಿಂಗ್ 30. ಪ್ರೈಮರಿ ಸ್ಪ್ರಿಂಗ್ ಹೊಸದು ತರಲಿಲ್ಲ. ಹಳೇದರ ಕೆಳಗೆ ಶಿಮ್ (ತೆಳು ಬಿಲ್ಲೆ) ಕೊಟ್ಟು 3,800 ಆರ್‌ಪಿಎಂಗೆ ಸರಿಯಾಗಿ ಹಿಡಿಯೋ ಹಾಗೆ ಮಾಡಿದೆ. ಎಷ್ಟು ದಪ್ಪದ ಶಿಮ್, ಯಾವುದರಿಂದ ಕತ್ತರಿಸಿದೆ ಅನ್ನೋದು ನನ್ನಲ್ಲೇ ಇರಲಿ. ಮೂರು ಭಾನುವಾರ ಕಳೆದು ಕಂಡುಕೊಂಡದ್ದು.

ನಡುವೆ ಇನ್ನೊಂದು ಹುಚ್ಚಾಟವೂ ನಡೀತು. ಚಳಿಗೆ ಬೆಲ್ಟ್ ಮರದ ಹಾಗೆ ಬಿಗಿಯೋದರಿಂದ ಹೊರಡೋ ಮುಂಚೆ ಒಳಗೆ ಬೆಚ್ಚಗಿಟ್ಟರೆ ಹೇಗೆ ಅಂತ ಅಡುಗೆಮನೆಯ ಹೀಟರ್ ಮೇಲಿಟ್ಟೆ. ಹೊರಡೋವಾಗ ಜರ್ಕ್ ಸ್ವಲ್ಪ ಕಮ್ಮಿಯಾಯ್ತು ಅನ್ನೋದು ನಿಜ. ಆದ್ರೆ ಸಾರಿಗೆ ಒಗ್ಗರಣೆ ಹಾಕೋ ಹೊತ್ತಲ್ಲಿ ರಬ್ಬರಿನ ವಾಸನೆ ಬಂದು, ಹೆಂಡತಿ ಅವಳ ಹಿಟ್ಟಿನ ಡಬ್ಬ ಮತ್ತು ನನ್ನ ಬೆಲ್ಟು, ಎರಡರಲ್ಲಿ ಒಂದು ಮಾತ್ರ ಮನೆಯಲ್ಲಿರುತ್ತೆ ಅಂದಳು. ಅದಕ್ಕಿಂತ ಉಪಯೋಗ ಆಗಿದ್ದು ಬೆಳಿಗ್ಗೆ ಹೊರಡೋ ಮುಂಚೆ ಗಾಡಿಯ ಹಿಂಭಾಗ ಎತ್ತಿ ಕುಲುಕೋದು. ರಾತ್ರಿ ಟ್ರ್ಯಾಕ್ ನೆಲಕ್ಕೆ ಹೆಪ್ಪುಗಟ್ಟಿರುತ್ತೆ, ಹಾಗೇ ಥ್ರಾಟಲ್ ಕೊಟ್ಟರೆ ನಿಂತಲ್ಲೇ ಬೆಲ್ಟ್ ಸುಡುತ್ತೆ. ಹೊಸ ಬೆಲ್ಟನ್ನು ಪಾತ್ರೆ ತೊಳೆಯೋ ಸೋಪಿನಲ್ಲಿ ತೊಳೆದು ಹಾಕೋದನ್ನೂ ಬಿಟ್ಟಿಲ್ಲ.

ಲೆಕ್ಕ ಹೇಳಿದರೆ, ಉಪಯೋಗಕ್ಕೆ ಬಂದ ಖರ್ಚು ಮೂರನೇ ಬೆಲ್ಟೂ ಸೇರಿ 310 ಡಾಲರ್ ಆಗಿರಬೇಕು. ನನ್ನ ದಡ್ಡತನಕ್ಕೆ ಕಟ್ಟಿದ ತೆರಿಗೆ ಹತ್ತಿರ ಹತ್ತಿರ 250, ಪುಲ್ಲರಿನ 35 ಬೇರೆ. ಹಾಗೆ ನೋಡಿದರೂ 1,400ರ ಅರ್ಧಕ್ಕೂ ಕಮ್ಮಿ.

ಈಗ ಗೀಟು ಎಳೆದು ಓಡಿಸಿದರೆ ಅಂಚಿನವರೆಗೂ ಅಳಿಸುತ್ತೆ. ಟೆಂಪರೇಚರ್ ಗನ್ ಹಿಡಿದರೆ ಮುಂಚೆ ಸೆಕೆಂಡರಿ 230 ಫ್ಯಾರನ್‌ಹೀಟ್ ತೋರಿಸ್ತಿತ್ತು, ಈಗ 150 ದಾಟಲ್ಲ. ಮಾರ್ಚ್ 31ಕ್ಕೆ ಟ್ರೇಲ್ ಮುಚ್ಚೋ ಹಿಂದಿನ ವಾರ ಪಕ್ಕದ ಮನೆಯ ಅಜ್ಜ ತಮ್ಮ ಸ್ಲೆಡ್ಡನ್ನು ಎಳೆದುಕೊಂಡು ಬಂದು ನನ್ನ ಬಾಗಿಲಲ್ಲಿ ನಿಲ್ಲಿಸಿದರು. ಕ್ಲಚ್ ಬಗ್ಗೆ ಏನೂ ಹೇಳಲಿಲ್ಲ. ಸೀಟಿನ ಮೇಲೆ ಹರಿದ ಬೆಲ್ಟ್ ಒಂದನ್ನು ಇಟ್ಟು, ಸೌನಾ (ಬಿಸಿ ಹಬೆಯ ಸ್ನಾನದ ಕೋಣೆ) ಕಾಯಿಸಿದ್ದೀನಿ, ಕೆಲಸ ಮುಗಿಸಿ ಬಾ ಅಂದು ಹೋದರು. ಅದರ ಮೌಂಟೂ ಹರಿದಿದೆ, ನೋಡಿದೆ.